ಹಕ್ಕಿಗಾಗಿ ಬಾಗಿಲು ಹಾಕಿದ ಕಡಲತೀರ

ಅಮೆರಿಕದ ಬಾಸ್ಟನ್ ನಗರದಿಂದ ಉತ್ತರಕ್ಕೆ ಸುಮಾರು ಒಂದು ಗಂಟೆ ಕಾರಿನಲ್ಲಿ ಹೋದರೆ ನ್ಯೂಬರಿಪೋರ್ಟ್ ಎಂಬ ಹಳೆಯ ಬಂದರು ಊರು ಸಿಗುತ್ತದೆ. ಅಲ್ಲಿಂದ ಒಂದು ಸಣ್ಣ ಸೇತುವೆ ದಾಟಿದರೆ ಪ್ಲಮ್ ಐಲೆಂಡ್. ಹೆಸರಿಗೆ ದ್ವೀಪ, ನೋಡಲು ಮಾತ್ರ ಸಮುದ್ರಕ್ಕೆ ಅಡ್ಡಲಾಗಿ ಯಾರೋ ಉದ್ದಕ್ಕೆ ಸುರಿದಿಟ್ಟ ಮರಳಿನ ಏರಿ. ಉದ್ದ ಸುಮಾರು 18 ಕಿಲೋಮೀಟರ್. ಇಲ್ಲಿನ ಮರಳುದಿಬ್ಬಗಳ ಮೇಲೆ ಬೀಚ್ ಪ್ಲಮ್ ಎಂಬ ಕಾಡುಹಣ್ಣಿನ ಪೊದೆಗಳಿವೆ. ದ್ವೀಪಕ್ಕೆ ಹೆಸರು ಬಂದದ್ದು ಅವುಗಳಿಂದಲೇ.

ಏರಿಯ ಪೂರ್ವಕ್ಕೆ ಅಟ್ಲಾಂಟಿಕ್ ಮಹಾಸಾಗರ. ಪಶ್ಚಿಮಕ್ಕೆ ಕಣ್ಣು ಹಾಯುವಷ್ಟು ದೂರ ಹಸಿರು ಹುಲ್ಲಿನ ಬಯಲು, ನಡುವೆ ಹಾವಿನಂತೆ ಹರಿದಾಡುವ ನೀರಿನ ಕಾಲುವೆಗಳು. ನಾನು ಕುಮಟೆಯವಳು. ಸೂರ್ಯ ಕಡಲಿನಲ್ಲಿ ಮುಳುಗುವುದನ್ನು ನೋಡುತ್ತಲೇ ಬೆಳೆದವಳಿಗೆ, ಅವನು ಕಡಲಿನಿಂದ ಎದ್ದು ಹುಲ್ಲಿನೊಳಗೆ ಮುಳುಗುವ ಈ ಊರು ದಿಕ್ಕು ತಪ್ಪಿಸಿಬಿಟ್ಟಿತು.

ಆ ಹಸಿರು ಬಯಲನ್ನು ಅಲ್ಲಿಯವರು ‘ಗ್ರೇಟ್ ಮಾರ್ಷ್’ ಎನ್ನುತ್ತಾರೆ. 20 ಸಾವಿರ ಎಕರೆಗೂ ಮೀರಿದ ಉಪ್ಪು ಜೌಗು. ದೂರದಿಂದ ಭತ್ತದ ಗದ್ದೆಯೇ ಸರಿ. ಹತ್ತಿರ ಹೋದರೆ ಕಾಲಡಿಯಲ್ಲಿ ಕಪ್ಪು ಕೆಸರು, ಮೂಗಿಗೆ ಅಳಿವೆಯ ವಾಸನೆ. ಕುಮಟೆಯ ಅಘನಾಶಿನಿ ದಂಡೆಯಲ್ಲಿ ಇಳಿತದ ಹೊತ್ತಿಗೆ ಬರುವ ಅದೇ ವಾಸನೆ! ಸೊಸೆ ಮೂಗು ಮುಚ್ಚಿಕೊಂಡಳು, ನಾನು ಮಾತ್ರ ಎದೆ ತುಂಬ ಎಳೆದುಕೊಂಡೆ.

ದಿನಕ್ಕೆ ಎರಡು ಸಲ ಸಮುದ್ರ ಈ ಹುಲ್ಲಿನೊಳಗೆ ಬಂದು ಹೋಗುತ್ತದೆ. ಉಬ್ಬರಕ್ಕೂ ಇಳಿತಕ್ಕೂ ಇಲ್ಲಿ ಎಂಟೊಂಬತ್ತು ಅಡಿ ವ್ಯತ್ಯಾಸ. ಉಪ್ಪುನೀರು ಕುಡಿದ ಗಿಡ ಸಾಯಬೇಕಲ್ಲವೇ? ಕಾಲುವೆಯ ಅಂಚಿನಲ್ಲಿ ಬೆಳೆಯುವ ಎತ್ತರದ ಹುಲ್ಲು ಸಾಯುವುದಿಲ್ಲ. ಹೆಚ್ಚಾದ ಉಪ್ಪನ್ನು ಎಲೆಯ ಮೂಲಕ ಹೊರಗೆ ಹಾಕಿಬಿಡುತ್ತದೆ. ಮೊಮ್ಮಗಳು ಒಂದು ಎಲೆಯ ಮೇಲೆ ಬೆರಳಾಡಿಸಿ ನಾಲಿಗೆಗೆ ಮುಟ್ಟಿಸಿಕೊಂಡಳು. “ಅಜ್ಜೀ, ನಿಜವಾಗಿ ಉಪ್ಪು!” ನಮ್ಮ ಕರಾವಳಿಯ ಕಾಂಡ್ಲಾ ಗಿಡಗಳಲ್ಲೂ ಕೆಲವು ಇದೇ ಉಪಾಯ ಮಾಡುತ್ತವೆ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವ ಈ ಸೀಮೆಯಲ್ಲಿ ಕಾಂಡ್ಲಾ ಬದುಕದು. ಅಲೆಯ ರಭಸ ತಡೆಯುವ, ಮೀನುಮರಿಗೆ ಮನೆಯಾಗುವ ಅದರ ಕೆಲಸವನ್ನು ಇಲ್ಲಿ ಹುಲ್ಲು ಮಾಡುತ್ತದೆ.

ಸ್ವಲ್ಪ ಎತ್ತರದ ನೆಲದಲ್ಲಿ ಇನ್ನೊಂದು ಜಾತಿಯ ಹುಲ್ಲಿದೆ. ನುಣುಪು, ಸಣ್ಣ, ಎಣ್ಣೆ ಹಚ್ಚಿ ಬಾಚಿದ ತಲೆಗೂದಲಿನಲ್ಲಿ ಸುಳಿ ಬಿದ್ದಂತೆ ಅಲ್ಲಲ್ಲಿ ಸುತ್ತಿಕೊಂಡು ಮಲಗಿರುತ್ತದೆ. ಹಿಂದಿನ ಕಾಲದ ರೈತರು ಇದನ್ನು ಕೊಯ್ದು ದನಗಳಿಗೆ ಹಾಕುತ್ತಿದ್ದರು. ಬಿತ್ತುವ ಹಾಗಿಲ್ಲ, ಗೊಬ್ಬರ ಬೇಡ. ಆದರೆ ಕೊಯ್ದಿಟ್ಟ ಹುಲ್ಲನ್ನು ಉಬ್ಬರ ಒಯ್ದರೆ? ಅದಕ್ಕೇ ಜೌಗಿನಲ್ಲಿ ಮರದ ಗೂಟಗಳನ್ನು ಗುಂಪಾಗಿ ನೆಟ್ಟು ಅವುಗಳ ಮೇಲೆ ಬಣವೆ ಒಟ್ಟುತ್ತಿದ್ದರು. ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿದ ಮೇಲೆ ಜಾರುಬಂಡಿಯಲ್ಲಿ ಮನೆಗೆ ಸಾಗಿಸುತ್ತಿದ್ದರು. ಕೆಸರಿನಲ್ಲಿ ಹೂತುಹೋಗದಂತೆ ಕುದುರೆಗಳ ಕಾಲಿಗೆ ಅಗಲವಾದ ಮರದ ‘ಚಪ್ಪಲಿ’ ಕಟ್ಟುತ್ತಿದ್ದರಂತೆ! ಆ ಗೂಟಗಳ ಮೋಟು ತುದಿಗಳು ಈಗಲೂ ಕೆಲವು ಕಡೆ ಕಾಣುತ್ತವೆ. ಅವನ್ನು ನೋಡಿ ನನಗೆ ನಮ್ಮ ಗಜನಿ ಗದ್ದೆಗಳ ನೆನಪಾಯಿತು. ಉಪ್ಪುನೀರು ನುಗ್ಗಿದರೂ ತಡೆದುಕೊಳ್ಳುವ ಕಗ್ಗ ಭತ್ತವನ್ನು ನಮ್ಮ ಹಿರಿಯರು ಬೆಳೆಯುತ್ತಿದ್ದುದು ಅಲ್ಲೇ ಅಲ್ಲವೇ? ಕಡಲಿನ ಜೊತೆ ಬಾಳುವವರ ಬುದ್ಧಿ ಎಲ್ಲ ಕಡೆ ಒಂದೇ ದಾರಿಯಲ್ಲಿ ಓಡುತ್ತದೋ ಏನೋ.

ದ್ವೀಪದ ಹೆಚ್ಚಿನ ಭಾಗ ಪಾರ್ಕರ್ ರಿವರ್ ವನ್ಯಜೀವಿ ಆಶ್ರಯತಾಣಕ್ಕೆ ಸೇರಿದೆ. ಅದರ ಕಡಲತೀರಕ್ಕೆ ಪ್ರತಿವರ್ಷ ಏಪ್ರಿಲ್ 1ರಿಂದ ಬಾಗಿಲು. ಜುಲೈಯಿಂದ ಸ್ವಲ್ಪ ಸ್ವಲ್ಪವಾಗಿ ತೆರೆಯುತ್ತಾ, ಪೂರ್ತಿ ತೆರೆಯುವ ಹೊತ್ತಿಗೆ ಆಗಸ್ಟ್ ಅರ್ಧ ಕಳೆದಿರುತ್ತದೆ. ಆ ದೇಶದಲ್ಲಿ ಜನ ಕಡಲಿಗೆ ಇಳಿಯಲು ಕಾಯುವುದೇ ಬೇಸಿಗೆಗಾಗಿ. ಅದೇ ಹೊತ್ತಿಗೆ ಬಾಗಿಲು! ಯಾರಿಗಾಗಿ ಅಂದುಕೊಂಡಿರಿ? ಐವತ್ತು ಗ್ರಾಂ ಆಸುಪಾಸು ತೂಗುವ ಒಂದು ಹಕ್ಕಿಗಾಗಿ.

ಅದರ ಹೆಸರು ಪೈಪಿಂಗ್ ಪ್ಲೋವರ್. ನಮ್ಮ ಟಿಟ್ಟಿಭದ ನೆಂಟ. ಒಣ ಮರಳಿನದೇ ಬಣ್ಣ, ಕತ್ತಿನಲ್ಲಿ ಕಪ್ಪು ಪಟ್ಟಿ, ಕಿತ್ತಳೆ ಕಾಲು. ಗೂಡು ಕಟ್ಟುವ ತಾಪತ್ರಯವಿಲ್ಲ. ಮರಳಿನಲ್ಲಿ ಸಣ್ಣ ಗುಳಿ ಕೆರೆದು ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಡುತ್ತದೆ. ಮೊಟ್ಟೆಗೂ ಮರಳಿನದೇ ಬಣ್ಣ, ಕಾಲಿಟ್ಟ ಮೇಲೇ ಗೊತ್ತಾಗುವುದು. ತಂದೆ ತಾಯಿ ಇಬ್ಬರೂ ಸರದಿಯಲ್ಲಿ ಕಾವು ಕೊಡುತ್ತವೆ. ಒಡೆದು ಬಂದ ಮರಿಗೆ ತುತ್ತು ಕೊಡುವವರಿಲ್ಲ. ಕೆಲವೇ ಗಂಟೆಗಳಲ್ಲಿ ಓಡುತ್ತದೆ, ತನ್ನ ಹುಳು ತಾನೇ ಹುಡುಕಿಕೊಳ್ಳುತ್ತದೆ. ಹಾರಲು ಮಾತ್ರ ಇನ್ನೂ ನಾಲ್ಕು ವಾರ ಬೇಕು. ಅಲ್ಲಿಯವರೆಗೆ ನಾಯಿ, ನರಿ, ಕಾಗೆ, ಕಡಲಹಕ್ಕಿ, ಓಡಾಡುವ ಮನುಷ್ಯರ ಕಾಲು, ಎಲ್ಲವೂ ಅದಕ್ಕೆ ಯಮನೇ. ಮೇಲೆ ಗಾಳಿಪಟ ಕಂಡರೆ ಗಿಡುಗವೆಂದು ತಂದೆ ತಾಯಿ ಬೆದರುತ್ತವೆ. ಹಾಗಾಗಿ ನನ್ನ ಮೊಮ್ಮಗಳ ಕೆಂಪು ಗಾಳಿಪಟ ಮನೆಯಲ್ಲೇ ಉಳಿದಿತ್ತು. ದಾರಿಯುದ್ದಕ್ಕೂ ಅವಳ ಮುಖವೂ ಅದೇ ಬಣ್ಣದಲ್ಲಿತ್ತು.

1986ರಲ್ಲಿ ಈ ಹಕ್ಕಿಗೆ ಅಮೆರಿಕ ಸರ್ಕಾರ ಕಾನೂನಿನ ರಕ್ಷಣೆ ಕೊಟ್ಟಾಗ ಇಡೀ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಉಳಿದಿದ್ದದ್ದು ಸುಮಾರು 140 ಜೋಡಿ. ಈಗ ಸಾವಿರ ಜೋಡಿ ದಾಟಿದೆ. ಬೇರೆ ಯಾವ ಮಾಯವೂ ಅಲ್ಲ, ಹಗ್ಗ, ಗೂಟ, ಫಲಕ ಮತ್ತು ಕಾವಲಿಗೆ ನಿಲ್ಲುವ ಜನ.

ದ್ವೀಪದ ದಕ್ಷಿಣದ ತುದಿ ಸ್ಯಾಂಡಿ ಪಾಯಿಂಟ್. ಅಲ್ಲಿ ಬೇಸಿಗೆಯಲ್ಲೂ ಹೋಗಬಹುದು, ಹಕ್ಕಿಯ ಜಾಗಕ್ಕೆ ಮಾತ್ರ ಹಗ್ಗ ಕಟ್ಟಿರುತ್ತಾರೆ. ನಾವು ಹೋದದ್ದು ಜೂನ್ ಕೊನೆಯ ವಾರ. ಇನ್ನು ಮೂರು ವಾರ ತಡವಾಗಿದ್ದರೆ ಹಸಿರು ತಲೆಯ ಜೌಗು ನೊಣಗಳು ನಮ್ಮ ರಕ್ತದಲ್ಲಿ ಔತಣ ಮಾಡುತ್ತಿದ್ದವು ಎಂದು ಮಗ ಹೆದರಿಸಿದ. ನೀರಿಗೆ ಕಾಲಿಟ್ಟೆ. ಬೇಸಿಗೆಯಲ್ಲೂ ಮೂಳೆ ಕೊರೆಯುವ ತಣ್ಣೀರು! ಮರಳಿನ ಮೇಲೆ ಅಲ್ಲಲ್ಲಿ ನೇರಳೆ ಬಣ್ಣದ ಗೆರೆಗಳು. ಯಾರೋ ಬಣ್ಣ ಚೆಲ್ಲಿದ್ದಲ್ಲ, ಅದು ಗಾರ್ನೆಟ್ ಎಂಬ ಖನಿಜದ ಪುಡಿ. ಹಗುರ ಮರಳನ್ನು ಅಲೆ ಒಯ್ದು ಭಾರದ ಪುಡಿಯನ್ನು ಬಿಟ್ಟುಹೋಗುತ್ತದೆ. ನಮ್ಮ ನವರತ್ನದ ಗೋಮೇಧಿಕವೂ ಇದೇ ಕುಟುಂಬದ್ದು.

ಹಗ್ಗದ ಪಕ್ಕ ಕುರ್ಚಿ ಹಾಕಿಕೊಂಡು ನನ್ನದೇ ವಯಸ್ಸಿನ ಒಬ್ಬ ಹೆಂಗಸು ಕುಳಿತಿದ್ದರು. ಸಂಬಳವಿಲ್ಲದ ಕಾವಲು. ಮೇ ತಿಂಗಳ ಹುಣ್ಣಿಮೆಯ ಉಬ್ಬರ ಈ ಜೋಡಿಯ ಮೊದಲ ಗೂಡನ್ನು ತೊಳೆದುಕೊಂಡು ಹೋಯಿತು, ಈಗಿರುವುದು ಎರಡನೆಯ ಸಲದ ಮೂರು ಮರಿಗಳು ಎಂದರು. ಮಗ ಅದನ್ನು ಕನ್ನಡದಲ್ಲಿ ಹೇಳುತ್ತಿದ್ದಂತೆ ನನಗೆ ಪಂಚತಂತ್ರದ ಕಥೆ ನೆನಪಾಯಿತು. ಟಿಟ್ಟಿಭದ ಮೊಟ್ಟೆಗಳನ್ನು ಸಮುದ್ರ ಒಯ್ದಿತು. ಹಕ್ಕಿಗಳೆಲ್ಲ ಗರುಡನ ಬಳಿ ದೂರು ಕೊಂಡೊಯ್ದವು. ಗರುಡ ವಿಷ್ಣುವಿಗೆ ಹೇಳಿದ. ವಿಷ್ಣು ಬಾಣ ಹೂಡಿದ ಕೂಡಲೇ ಸಮುದ್ರ ಹೆದರಿ ಮೊಟ್ಟೆ ಹಿಂದಕ್ಕೆ ಕೊಟ್ಟಿತು. ಅಲ್ಲೇ ನಿಂತು ಮೊಮ್ಮಗಳಿಗೆ ಹೇಳಿದೆ.

“ಇಲ್ಲಿ ಸಮುದ್ರ ವಾಪಸ್ ಕೊಡಲಿಲ್ಲವಲ್ಲ, ಅಜ್ಜಿ?”

“ಕೊಡಲಿಲ್ಲ ಪುಟ್ಟಿ. ಹಕ್ಕಿಯೇ ಮತ್ತೆ ಇಟ್ಟಿತು.”

ಅಷ್ಟರಲ್ಲಿ ಹಗ್ಗದ ಕೆಳಗಿನಿಂದ ಒಂದು ಮರಿ ಹೊರಗೆ ಓಡಿ ಬಂತು. ಹಿಂದೆಯೇ ಇನ್ನೊಂದು. ಬೂರುಗದ ಹತ್ತಿ ಗಾಳಿಗೆ ಉರುಳಿದಂತೆ, ತಟಕ್ಕನೆ ನಿಂತು, ಮತ್ತೆ ಉರುಳಿ, ನೀರಿನಂಚಿಗೆ ಹೊರಟವು. ಕಾವಲಿನ ಹೆಂಗಸು ಎದ್ದು ಎರಡೂ ಕೈ ಚಾಚಿದರು. ಚೆಂಡಾಡುತ್ತಿದ್ದ ದೊಡ್ಡ ಹುಡುಗರು ಚೆಂಡು ಹಿಡಿದು ನಿಂತರು. ತಾಯಿಹಕ್ಕಿಯೋ ತಂದೆಯೋ, ನಮ್ಮಿಂದ ಆಚೆಗೆ ಒಂದು ರೆಕ್ಕೆ ಮುರಿದವರಂತೆ ಎಳೆದುಕೊಂಡು ಹೊರಳಾಡತೊಡಗಿತು. ‘ನನ್ನನ್ನು ಹಿಡಿಯಿರಿ, ಮರಿಗಳನ್ನು ಬಿಡಿ’ ಎನ್ನುವ ನಾಟಕ ಅದು. ಮೊಮ್ಮಗಳ ಕೈ ನನ್ನ ಸೆರಗನ್ನು ಗಟ್ಟಿಯಾಗಿ ಹಿಡಿದಿತ್ತು. ಉಬ್ಬರ ಏರುತ್ತಿತ್ತು. ಒಂದು ಅಲೆಯ ನೊರೆ ಮರಿಗಳ ಹತ್ತಿರಕ್ಕೆ ಬಂದಾಗ ಅವು ಹಿಂದಕ್ಕೆ ಓಡಿ, ಅಲೆ ಇಳಿದ ಕೂಡಲೇ ಅದರ ಬೆನ್ನು ಹತ್ತಿ ಹುಳು ಕುಟುಕಿದವು.

ಕಾಲು ಗಂಟೆ ಆಗಿರಬೇಕು. ಇಪ್ಪತ್ತು ಮೂವತ್ತು ಜನ ಮಾತಿಲ್ಲದೆ ನಿಂತೇ ಇದ್ದೆವು. ಕೊನೆಗೆ ದೊಡ್ಡ ಹಕ್ಕಿ ಕೊಳಲಿನಂತೆ ಸಣ್ಣಗೆ ಕೂಗಿತು. ಮರಿಗಳು ಹಗ್ಗದೊಳಗೆ ಓಡಿ ಅದರ ಹೊಟ್ಟೆಯಡಿ ನುಗ್ಗಿದವು.

“ಎರಡೇ ಅಜ್ಜಿ! ಮೂರನೆಯದು ಎಲ್ಲಿ?”

ಕಾವಲಿನ ಹೆಂಗಸು ತಮ್ಮ ದುರ್ಬೀನನ್ನು ಅವಳ ಕೊರಳಿಗೆ ಹಾಕಿದರು. ಹುಲ್ಲಿನ ಬುಡ, ಕಟ್ಟಿಗೆಯ ತುಂಡು, ಒಣಗಿದ ಕಡಲಪಾಚಿ ಎಲ್ಲವನ್ನೂ ಜಾಲಾಡಿದಳು. ಆಮೇಲೆ ಕೂಗುವ ಹಾಗಿಲ್ಲವೆಂದು ನೆನಪಾಗಿ, ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ನನ್ನತ್ತ ಮೂರು ಬೆರಳು ತೋರಿಸಿದಳು.