ಸೊಸಿಗೆ ವಜ್ರದುಂಗುರ

ವಜ್ರ ಅಂದರೆ ನಮ್ಮಂಥ ಊರಿನವರಿಗೆ ಇಂದಿಗೂ ಸ್ವಲ್ಪ ಅಂಜಿಕೆಯ ವಸ್ತುವೇ. ಬಂಗಾರವಾದರೆ ಇಷ್ಟು ತೊಲಿಗೆ ಇಷ್ಟು ಎಂದು ಲೆಕ್ಕ ಬಾಯಲ್ಲೇ ಇರುತ್ತದೆ. ವಜ್ರಕ್ಕೆ ಮಾತ್ರ ಅಂಗಡಿಯವರು ಹೇಳಿದ್ದೇ ಖರೆ. ಈಗ ನಮ್ಮ ಮಣ್ಣೂರಿನಂಥ ಭೀಮಾ ದಂಡೆಯ ಊರಿನಲ್ಲೂ ಹುಡುಗರು ನಿಶ್ಚಯಕ್ಕೆ ವಜ್ರದುಂಗುರವೇ ಆಗಬೇಕು ಅನ್ನುತ್ತಾರೆ. ನನ್ನ ಮಗನೂ ಹಾಗೇ ಅಂದ. ಅದಕ್ಕೇ ನಾನು ಕೇಳಿ ತಿಳಿದದ್ದನ್ನು ನಿಮಗೂ ಹೇಳುತ್ತೇನೆ.

ವಜ್ರ ನಮ್ಮ ನಾಡಿಗೆ ಹೊಸದಲ್ಲ. ನಮ್ಮ ಭೀಮೆ ಹೋಗಿ ಕೂಡುವ ಕೃಷ್ಣೆಯ ದಂಡೆಯಲ್ಲೇ, ಈಗಿನ ಆಂಧ್ರದ ಕೊಲ್ಲೂರಿನಲ್ಲಿ, ಗೋಲ್ಕೊಂಡ ಸುಲ್ತಾನರ ಕಾಲದ ಹೆಸರಾಂತ ಗಣಿ ಇತ್ತು. ಆದರೆ ನಿಶ್ಚಯಕ್ಕೆ ವಜ್ರವೇ ಇಡಬೇಕೆಂಬುದು ನಮ್ಮ ಹಿರಿಯರ ಶಾಸ್ತ್ರವಲ್ಲ. ವಜ್ರವೇ ಶಾಶ್ವತವೆಂಬ ಮಾತು 1947ರಲ್ಲಿ ಡಿ ಬೀರ್ಸ್ ಕಂಪನಿಯ ಜಾಹೀರಾತಿಗಾಗಿ ಅಮೆರಿಕದಲ್ಲಿ ಹುಟ್ಟಿದ್ದು.

ನನಗೆ ಚಿಂತೆ ಹತ್ತಿದ್ದು ಬೇರೆಯದೇ. ನಾವು ಹುಡುಗಿಗೆ ವಜ್ರ ಇಟ್ಟರೆ, ಬೀಗರು ಹುಡುಗನಿಗೆ ಏನು ಇಡಬೇಕು? ಅವರದು ತೊಗರಿ ನಂಬಿದ ಸಂಸಾರ, ಬೆನ್ನಿಗೆ ಇನ್ನೊಬ್ಬ ಮಗಳು. ಅಂಗಡಿಗೆ ಹೋಗುವ ಮೊದಲೇ ಬೀಗತಿಯನ್ನು ಕಂಡು, “ನಮ್ಮ ಹುಡುಗಗ ನಿಮ್ಮ ಕೈಲಾದದ್ದು ಇಡ್ರಿ, ಸಾಕು. ಸರಿಸಮ ಮಾಡ್ತೀವಿ ಅಂದ್ರ ನಾವೂ ವಜ್ರ ಬಿಡ್ತೀವಿ” ಅಂದೆ. ಆಕೆ ಒಂದು ಗಳಿಗೆ ಸುಮ್ಮನಿದ್ದು, “ಮೊದಲ ಹೇಳಿದ್ದು ಛಲೋ ಆತ್ರಿ ಅಕ್ಕಾ. ಹೊಲ ಒತ್ತಿ ಹಾಕೋ ಮಾತು ಆಡ್ಲಕತ್ತಿದ್ದಿವಿ” ಅಂದರು. ನೋಡಿ, ಒಂದು ಉಂಗುರದ ಹಿಂದೆ ಒಂದು ಹೊಲ ಹೋಗುತ್ತಿತ್ತು!

ಹುಡುಗಿಯನ್ನೂ ಕೇಳಿದೆ. “ಅತ್ತಿ, ರೊಟ್ಟಿ ಬಡಿಯೋ ಕೈಗೆ ಎತ್ತರದ ಕಲ್ಲು ಬ್ಯಾಡ್ರಿ, ಹಿಟ್ಟು ಸಿಗತದ” ಅಂದಳು. ಎಷ್ಟು ಖರೆ! ಕೊಂಡಿಗಳ ಮೇಲೆ ಎತ್ತಿ ಕೂಡಿಸಿದ ಕಲ್ಲು ಸೀರೆಯ ಎಳೆಗೂ ಸಿಗುತ್ತದೆ. ಸುತ್ತ ಬಂಗಾರದ ಅಂಚು ಕಟ್ಟಿ, ಮಟ್ಟಸವಾಗಿ ಕೂಡಿಸಿದ ಸಣ್ಣ ಕಲ್ಲನ್ನೇ ಆರಿಸಿದೆವು.

ಇನ್ನು ಅಂಗಡಿಯಲ್ಲಿ ನೋಡಬೇಕಾದದ್ದು. ಕ್ಯಾರೆಟ್ ಎಂಬ ಮಾತಿಗೆ ಎರಡು ಅರ್ಥ. ಬಂಗಾರಕ್ಕೆ ಅದು ಶುದ್ಧತೆ, ವಜ್ರಕ್ಕೆ ತೂಕ. ಒಂದು ಕ್ಯಾರೆಟ್ ವಜ್ರವೆಂದರೆ 200 ಮಿಲಿಗ್ರಾಂ, ಅದರ ನೂರರಲ್ಲೊಂದು ಪಾಲು ಒಂದು ಸೆಂಟ್. ಹತ್ತು ಸೆಂಟಿನ ಕಲ್ಲು ಬರೀ 20 ಮಿಲಿಗ್ರಾಂ! ತೂಕದ ಜೊತೆಗೆ ಕಡಿತ, ಬಣ್ಣ, ಒಳಗಿನ ಕಲೆ ಇವನ್ನೂ ನೋಡಿ ಬೆಲೆ ಕಟ್ಟುತ್ತಾರೆ. ಹೊಳಪು ಬರುವುದು ಹೆಚ್ಚಾಗಿ ಕಡಿತದಿಂದ.

ವಜ್ರಕ್ಕೆ ಸಾಮಾನ್ಯವಾಗಿ 18 ಕ್ಯಾರೆಟ್ ಬಂಗಾರ ಬಳಸುತ್ತಾರೆ, ಅದು ಗಟ್ಟಿ. ಅದರ ಮೇಲೆ 750 ಎಂದಿರುತ್ತದೆ, 916 ಅಲ್ಲ. ಹಾಲ್‌ಮಾರ್ಕ್ ಗುರುತಿನ ಜೊತೆ ಆರು ಅಕ್ಷರ-ಅಂಕಿಗಳ ಸಂಖ್ಯೆಯೂ ಇರಬೇಕು. 2023ರ ಏಪ್ರಿಲ್ 1ರಿಂದ ಈ ನಿಯಮ ಬಂದಿದೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಮೊಬೈಲಿನಲ್ಲೇ ತಾಳೆ ನೋಡಬಹುದು. ಎರಡು ಗ್ರಾಂಗಿಂತ ಕಡಿಮೆಯ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯವಿಲ್ಲ, ಅಂಥದ್ದಕ್ಕೆ ಹೆಚ್ಚು ಎಚ್ಚರ ಬೇಕು. ರಸೀದಿಯಲ್ಲಿ ಬಂಗಾರದ ತೂಕ, ಕಲ್ಲಿನ ತೂಕ, ಮಜೂರಿ ಬೇರೆ ಬೇರೆ ಬರೆಸಿಕೊಳ್ಳಿ.

ಅಮೆರಿಕನ್ ಡೈಮಂಡ್ ಎಂಬುದು ವಜ್ರವೇ ಅಲ್ಲ. ಪ್ರಯೋಗಶಾಲೆಯಲ್ಲಿ ಬೆಳೆಸಿದ ಕಲ್ಲು ಮಾತ್ರ ನಿಜವಾದ ವಜ್ರವೇ, ಬೆಲೆ ಬಹಳ ಕಡಿಮೆ. ಬರಿಗಣ್ಣಿಗೆ ಭೇದ ತಿಳಿಯದು, ಆದ್ದರಿಂದ ಪ್ರಮಾಣಪತ್ರ ಕೇಳಿರಿ. ಮರಳಿ ಮಾರುವಾಗ ಎಷ್ಟು ಬರುತ್ತದೆಂಬುದನ್ನೂ ಮೊದಲೇ ಬರೆಸಿಕೊಳ್ಳಿ. ಬಂಗಾರದ ಹಾಗೆ ಕಷ್ಟಕಾಲಕ್ಕೆ ಆಗುವ ಗಂಟು ಅದಲ್ಲ.

ಮಗನಿಗೆ ಬೀಗರು ಬಂಗಾರದ ಸಾದಾ ಉಂಗುರ ಇಟ್ಟರು, ಚೆಂದಾಗೇ ಕಾಣಿಸಿತು. ಮನೆಗೆ ಬರುವ ಹುಡುಗಿಗೆ ನಾವು ಕೊಡುವ ಮೊದಲ ವಸ್ತು ಉಂಗುರ. ಅದು ಅವಳ ಬೆರಳಿಗೆ ಒಪ್ಪಬೇಕು, ಅವಳ ತವರಿಗೆ ಭಾರವಾಗಬಾರದು. ಇಷ್ಟು ನೋಡಿಕೊಂಡು, ಆಮೇಲೆ ವಜ್ರವಾದರೂ ಕೊಳ್ಳಿರಿ, ಹರಳಾದರೂ ಕೊಳ್ಳಿರಿ.