ಹೊಸ ಜಾಲತಾಣಕ್ಕೆ ವಿಷಯವಾವುದು?

ಓದಿದ ಮಕ್ಕಳಿರುವ ಗೃಹಸ್ಥರಿಗೆ ಈಚೆಗೆ ಹೊಸದೊಂದು ಚಿಂತೆಯು ಕೂಡಿಕೊಂಡಿರುವುದು. "ನಾನೊಂದು ಜಾಲತಾಣವನ್ನು ತೆರೆಯುವೆನು, ಅದರಿಂದಲೇ ಜೀವನವು ಸಾಗುವುದು" ಎಂದು ಹುಡುಗನು ಹೇಳುತ್ತಾನೆ. ಬೇಡವೆನ್ನಲು ಹಿರಿಯರಿಗೆ ಕಾರಣವು ತಿಳಿಯದು. ಆಗಲೆನ್ನಲು ಧೈರ್ಯವು ಸಾಲದು. ನಾವು ಮೂವತ್ತು ವರ್ಷ ಸಂಸ್ಕೃತ ಪಾಠವನ್ನು ಹೇಳಿ ನಿವೃತ್ತರಾದವರು, ವ್ಯಾಪಾರದಲ್ಲಿ ನುರಿತವರಲ್ಲ. ಆದರೂ ನಮ್ಮ ಸೋದರಳಿಯನ ನಿಮಿತ್ತವಾಗಿ ಈ ವಿಚಾರವನ್ನು ಚೆನ್ನಾಗಿ ಪರಿಶೀಲಿಸಬೇಕಾಗಿ ಬಂದಿತು.

ಬೆಂಗಳೂರಿನಲ್ಲಿದ್ದ ಕೆಲಸವು ಹೋಗಿ, ಆತನು ತೀರ್ಥಹಳ್ಳಿಯ ಕಡೆಯಲ್ಲಿರುವ ತೋಟದ ಮನೆಗೆ ಹಿಂದಿರುಗಿದ್ದನು. ಕೈಯಲ್ಲಿ ಒಂದು ವರ್ಷದ ಖರ್ಚಿಗಾಗುವಷ್ಟು ಹಣ. ಜೊತೆಗೆ ಹೆಂಡತಿ, ಶಾಲೆಗೆ ಹೋಗುವ ಮಗು. ನಮ್ಮ ತಂಗಿಯು ಮಗನಿಗಾಗಿ ತನ್ನ ಬಳೆಗಳನ್ನು ಅಡವಿಡಲು ಸಿದ್ಧಳಾಗಿದ್ದಳು. ವಿಷಯವಾವುದಪ್ಪಾ ಎಂದು ಕೇಳಿದೆವು. "ಮೊಬೈಲು, ಇಲ್ಲವೆ ಷೇರು ಪೇಟೆ, ಇಲ್ಲವೆ ಆರೋಗ್ಯ. ದುಡ್ಡಿರುವುದು ಅವುಗಳಲ್ಲಿಯೇ, ಮಾವ" ಎಂದನು.

ಜಾಲತಾಣಕ್ಕೆ ಹಣವು ಬರುವ ಮುಖ್ಯ ಮಾರ್ಗಗಳು ಎರಡು. ಗೂಗಲ್ ಸಂಸ್ಥೆಯು 2003ರಲ್ಲಿ ಆರಂಭಿಸಿದ ಆಡ್‌ಸೆನ್ಸ್‌ನಂತಹ ಏರ್ಪಾಡಿನಿಂದ ಪುಟದಲ್ಲಿ ಜಾಹೀರಾತನ್ನು ತೋರಿಸುವುದು ಒಂದು. ಅಮೆಜಾನ್ 1996ರಲ್ಲಿ ಆರಂಭಿಸಿದಂತೆ, ಓದುಗನು ನಮ್ಮ ಪುಟದ ಮೂಲಕ ಹೋಗಿ ಸರಕನ್ನು ಕೊಂಡರೆ ಕಮಿಷನ್ನು ಪಡೆಯುವುದು ಇನ್ನೊಂದು. ಸಾಲ, ವಿಮೆ ಮುಂತಾದ ವಿಷಯಗಳಿಗೆ ಜಾಹೀರಾತುದಾರರು ಹೆಚ್ಚಿನ ಬೆಲೆಯನ್ನು ತೆರುವುದು ನಿಜವೇ. ಆದರೆ ಹೆಚ್ಚು ಬೆಲೆಯಿರುವ ಬೀದಿಯಲ್ಲಿ ದೊಡ್ಡ ಅಂಗಡಿಗಳು ಮೊದಲೇ ನೆಲೆಯೂರಿರುವುವು. ಅಲ್ಲಿ ಒಬ್ಬಂಟಿಗನ ಗೂಡಂಗಡಿಯನ್ನು ಗಮನಿಸುವವರು ವಿರಳ.

ನಮ್ಮ ಶಾಸ್ತ್ರಗ್ರಂಥಗಳ ಆರಂಭದಲ್ಲಿ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ತಿಳಿಸುವ ಸಂಪ್ರದಾಯವುಂಟು. ಇದಕ್ಕೆ ಅನುಬಂಧ ಚತುಷ್ಟಯವೆಂದು ಹೆಸರು. ನಾವು ಬಲ್ಲ ಈ ಅಳತೆಗೋಲನ್ನೇ ಅಳಿಯನ ಮುಂದಿಟ್ಟೆವು.

ಮೊದಲನೆಯದು ಅಧಿಕಾರಿ, ಎಂದರೆ ಓದತಕ್ಕವನು. ಕೊಳ್ಳಲು ಹೊರಟು ಸಂಶಯದಿಂದ ನಿಂತಿರುವವನೇ ಇಂತಹ ತಾಣಕ್ಕೆ ತಕ್ಕ ಓದುಗನು. ಅಡಿಕೆ ತೋಟದವರನ್ನು ನೋಡಿರಿ. ಮಳೆಗಾಲಕ್ಕೆ ಮುಂಚೆ ಕೊಳೆರೋಗಕ್ಕೆ ಔಷಧಿಯನ್ನು ಹೊಡೆಸಬೇಕು, ಕೊನೆಯನ್ನು ಕೊಯ್ಯಿಸಬೇಕು, ಅಡಿಕೆಯನ್ನು ಸುಲಿಸಬೇಕು. ಮರವೇರುವವರು ದೊರೆಯುವುದು ಕಷ್ಟವಾಗಿದೆ. ಆದುದರಿಂದ ಕಾರ್ಬನ್ ಫೈಬರ್ ದೋಟಿ, ಔಷಧಿ ಹೊಡೆಯುವ ಪಂಪು, ಅಡಿಕೆ ಸುಲಿಯುವ ಯಂತ್ರ ಇವುಗಳಿಗೆ ಅವರು ಹಣವನ್ನು ಹಾಕಲೇಬೇಕಾಗಿದೆ. ಯಾವುದನ್ನು ಕೊಳ್ಳಬೇಕೆಂದು ಅವರು ಕೇಳುವುದು ಕನ್ನಡದಲ್ಲಿಯೇ.

ಎರಡನೆಯದು ವಿಷಯದ ಎಲ್ಲೆ. "ಕೃಷಿ" ಎಂದರೆ ಅತಿ ವಿಸ್ತಾರವಾಯಿತು. "ಪಂಪಿನ ವಾಷರು" ಎಂದರೆ ಅತಿ ಸಂಕೋಚವಾಯಿತು. ಯಾರನ್ನೂ ಕೇಳದೆ ಐವತ್ತು ಪ್ರಶ್ನೆಗಳನ್ನು ಬರೆದು ತೋರಿಸೆಂದೆವು. ಷೇರು ಪೇಟೆಯಲ್ಲಿ ಎಂಟಕ್ಕೇ ಲೇಖನಿಯು ನಿಂತಿತು. ತೋಟದ ಯಂತ್ರಗಳಲ್ಲಿ ಐವತ್ತೂ ಒಂದೇ ಸಂಜೆಯಲ್ಲಿ ಮುಗಿದುವು. ಬಳಿಕ ಪ್ರತಿಯೊಂದು ಪ್ರಶ್ನೆಯನ್ನೂ ಗೂಗಲ್‌ನಲ್ಲಿ ಹುಡುಕಿ, ಮೊದಲು ಬರುವ ಹತ್ತು ಪುಟಗಳನ್ನು ಓದಿ, ಉತ್ತಮ ಉತ್ತರವಿದ್ದರೆ ಆ ಪ್ರಶ್ನೆಯನ್ನು ಹೊಡೆದುಹಾಕಬೇಕು. ಉಳಿದುವೇ ಹೊಸಬನಿಗೆ ಜಾಗ. 2006ರಿಂದಿರುವ ಗೂಗಲ್ ಟ್ರೆಂಡ್ಸ್ ಯಾವ ತಿಂಗಳಲ್ಲಿ ಯಾವ ಹುಡುಕಾಟವು ಏರುವುದೆಂದು ತೋರಿಸುವುದಾದರೂ, ಸಣ್ಣ ವಿಷಯಗಳು ಅದರಲ್ಲಿ ಕಾಣಿಸದೆ ಹೋಗಬಹುದು. ಅವುಗಳಿಗೆ ರಿಪೇರಿ ಅಂಗಡಿಯ ಬೆಂಚೇ ಪ್ರಮಾಣವು.

ಮೂರನೆಯದು ಸಂಬಂಧ. ಶಾಸ್ತ್ರದಲ್ಲಿ ಇದು ಗ್ರಂಥಕ್ಕೂ ವಿಷಯಕ್ಕೂ ಇರುವ ನಂಟು. ಇಲ್ಲಿ ಬರೆಯುವವನಿಗೂ ವಿಷಯಕ್ಕೂ ನಂಟಿರಬೇಕೆಂದು ನಾವು ವಿಸ್ತರಿಸಿದೆವು. ಆರೋಗ್ಯ ಮತ್ತು ಹಣಕಾಸಿನ ಪುಟಗಳನ್ನು ಅಳೆಯುವಲ್ಲಿ ಗೂಗಲ್‌ನ ನಿಯಮಾವಳಿಯು ಹೆಚ್ಚು ಕಟ್ಟುನಿಟ್ಟು. 2022ರ ಡಿಸೆಂಬರಿನಲ್ಲಿ ಅದಕ್ಕೆ "ಅನುಭವ"ವೆಂಬ ಲಕ್ಷಣವನ್ನೂ ಸೇರಿಸಿದರು. ಮೇಲಾಗಿ, 2024ರ ಆಗಸ್ಟಿನಿಂದ ನಮ್ಮ ದೇಶದಲ್ಲಿಯೂ ಅನೇಕ ಪ್ರಶ್ನೆಗಳಿಗೆ ಯಂತ್ರಬುದ್ಧಿಯು ರಚಿಸಿದ ಉತ್ತರವು ಹುಡುಕಾಟದ ಪುಟದ ನೆತ್ತಿಯಲ್ಲಿಯೇ ಬರತೊಡಗಿದೆ. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಸೇರಿದರೆ ಶೇಕಡಾ ಒಂದರ ಬೋರ್ಡೋ ದ್ರಾವಣವೆಂಬುದನ್ನು ಅದೇ ಹೇಳಿಬಿಡುವುದು. ಅಷ್ಟಕ್ಕಾಗಿ ನಮ್ಮ ಪುಟಕ್ಕೆ ಯಾರು ಬಂದಾರು? ಆದರೆ ಸುಣ್ಣವನ್ನು ಸೋಸದೆ ಹೋದಾಗ ಕಟ್ಟಿಕೊಂಡ ಪಂಪಿನ ಬಾಯನ್ನು ಬಿಚ್ಚಿ ತೊಳೆಯುವ ಬಗೆಯನ್ನು, ಕೈಗೆ ಮಸಿ ಮಾಡಿಕೊಂಡವನೇ ಚಿತ್ರಸಹಿತವಾಗಿ ತೋರಿಸಬೇಕು. ಅಳಿಯನು ಬಾಲ್ಯದಿಂದಲೂ ತಂದೆಯ ಪಕ್ಕದಲ್ಲಿ ಕುಳಿತು ಪಂಪುಗಳನ್ನು ಬಿಚ್ಚಿದವನು.

ನಾಲ್ಕನೆಯದು ಪ್ರಯೋಜನ, ಅದು ಮೊದಲು ಓದುಗನಿಗೆ ಸಲ್ಲಬೇಕು. ಹೆಚ್ಚು ಕಮಿಷನ್ನು ಕೊಡುವ ಯಂತ್ರವನ್ನೇ ಹೊಗಳಬೇಕೆಂಬ ಆಸೆಯು ಹುಟ್ಟದಿರದು. ಆ ಮಾತನ್ನು ನಂಬಿ ಸಾಲಮಾಡಿ ಕೊಂಡವನ ಯಂತ್ರವು ಸುಲಿಗೆಯ ಕಾಲದಲ್ಲಿ ನಿಂತುಹೋದರೆ, ಆ ಮನೆಯ ನಷ್ಟಕ್ಕೆ ಹೊಣೆ ಯಾರು? ತಾನು ನಡೆಸಿ ನೋಡದ ಯಂತ್ರವನ್ನು ಹೊಗಳಬಾರದು. ಕಮಿಷನ್ನು ಬರುವಲ್ಲಿ ಬರುವುದೆಂದು ಬಾಯಿಬಿಟ್ಟು ಬರೆಯಬೇಕು. ಈ ಎರಡು ಮಾತುಗಳಿಗೆ ಆತನು ಒಪ್ಪಿದ ಮೇಲೆಯೇ ನಾವು ಆಗಲೆಂದೆವು.

ತಾಣದ ಹೆಸರಿಗೂ ಸ್ಥಳದ ಬಾಡಿಗೆಗೂ ವರ್ಷಕ್ಕೆ ಕೆಲವು ಸಾವಿರ ರೂಪಾಯಿಗಳೇ ಸಾಕಾದುವು. ಬಳೆಗಳು ತಂಗಿಯ ಕೈಯಲ್ಲಿಯೇ ಉಳಿದುವು. ಆತನು ತೋಟವನ್ನು ನೋಡಿಕೊಳ್ಳುತ್ತ ವಾರಕ್ಕೊಂದು ಲೇಖನವನ್ನು ಬರೆಯುತ್ತಿರುವನು. ಈವರೆಗೆ ಬಂದ ಹಣವು ಮನೆಯ ದೀಪದ ಬಿಲ್ಲಿಗೆ ಸರಿಯಾದೀತು. ಒಂದು ವರ್ಷದ ಗಡುವನ್ನು ಹಾಕಿಕೊಂಡಿರುವನು. ಅಷ್ಟರಲ್ಲಿ ಸಾಗದಿದ್ದರೆ ಬೇರೆ ಉದ್ಯೋಗವನ್ನು ಹುಡುಕುವುದೆಂದು ಹೆಂಡತಿಯೊಡನೆ ನಿಶ್ಚಯಿಸಿಕೊಂಡಿರುವನು. ಅದೂ ವಿವೇಕವೇ ಸರಿ.

ವಾಚಕ ಮಹಾಶಯರ ಮನೆಯ ಹುಡುಗನು ಇಂತಹ ಯೋಜನೆಯೊಡನೆ ಎದುರು ನಿಂತರೆ, ಎಷ್ಟು ಬರುವುದೆಂದು ಒಡನೆಯೇ ಕೇಳಬೇಡಿರಿ. ಒಂದು ನೋಟುಪುಸ್ತಕವನ್ನು ಕೈಗಿತ್ತು, ಐವತ್ತು ಪ್ರಶ್ನೆಗಳನ್ನು ಬರೆಯಲು ಹೇಳಿರಿ.