ಪಾಠದ ದಣಿವು, ಪಾಠ ತಪ್ಪಿದ ದಣಿವು

ನಮ್ಮ ಪತ್ರಿಕೆಯ ಹಿಂದಿನ ಸಂಚಿಕೆಗಳಲ್ಲಿ ಪಾಠಯೋಜನೆ, ಬೋಧನೋಪಕರಣ, ತರಗತಿ ನಿರ್ವಹಣೆ ಕುರಿತ ಬರಹಗಳು ಸಾಕಷ್ಟಿವೆ. ಪಾಠ ಮಾಡುವವರ ಆಯಾಸದ ಬಗ್ಗೆ ಬರೆದದ್ದು ಕಡಿಮೆ. ಎರಡು ವರ್ಷದ ಬಿ.ಇಡಿ.ಯಲ್ಲಿ 20 ವಾರಗಳನ್ನು ನಾವು ಶಾಲೆಗಳಲ್ಲಿ ಕಳೆಯುತ್ತೇವೆ. ಅದರಲ್ಲಿ 16 ವಾರಗಳ ಇಂಟರ್ನ್‌ಶಿಪ್ ನನಗೆ ದೊರೆತದ್ದು ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ. ಎಂಟು ತರಗತಿ, ಮುಖ್ಯ ಶಿಕ್ಷಕರೂ ಸೇರಿ ಐವರು ಶಿಕ್ಷಕರು. ನನ್ನ ಮಾರ್ಗದರ್ಶಕಿ 6ರಿಂದ 8ನೇ ತರಗತಿಗೆ ಗಣಿತ ಮತ್ತು ವಿಜ್ಞಾನ ಕಲಿಸುವ ಪದವೀಧರ ಶಿಕ್ಷಕಿ. ಅವರ ಸೇವೆಗೆ ಆಗ 19 ವರ್ಷ.

ಮೊದಲ ತಿಂಗಳಲ್ಲಿ ನನಗೆ ಅರ್ಥವಾಗದೆ ಉಳಿದ ಒಂದು ವಿಷಯವಿತ್ತು. ಕೆಲವು ದಿನ ಮೇಡಂ ಸತತ ಐದು ಅವಧಿ ಪಾಠ ಮಾಡಿಯೂ ಸಂಜೆ ಬಸ್ಸಿಗೆ ಕಾಯುವಾಗ ನಗುತ್ತಾ ಮಾತಾಡುತ್ತಿದ್ದರು. ಕೆಲವು ದಿನ ಎರಡೇ ಅವಧಿ ಪಾಠ ನಡೆದಿದ್ದರೂ ಮಾತೇ ಆಡುತ್ತಿರಲಿಲ್ಲ. ಕೇಳಿದಾಗ ಹೇಳಿದರು: "ಪಾಠ ಮಾಡಿ ದಣಿದ್ರೆ ರಾತ್ರಿ ಒಳ್ಳೆ ನಿದ್ದೆ ಬರುತ್ತೆ ಕಣಮ್ಮ. ಪಾಠ ಮಾಡೋಕಾಗ್ದೆ ದಣಿದ ದಿನ ನಿದ್ದೆನೇ ಬರಲ್ಲ."

ಈ ಮಾತನ್ನು ಪರೀಕ್ಷಿಸಿ ನೋಡಬೇಕೆನಿಸಿತು. ಅವರ ಒಪ್ಪಿಗೆ ಪಡೆದು ಒಂದು ಬುಧವಾರ ಗಡಿಯಾರ ನೋಡಿ ಬರೆದುಕೊಂಡೆ. ವೇಳಾಪಟ್ಟಿಯ ಪ್ರಕಾರ ಅವರಿಗೆ 40 ನಿಮಿಷದ ಐದು ಅವಧಿ, ಒಟ್ಟು 200 ನಿಮಿಷ. ಬೆಳಿಗ್ಗೆ ಹಾಲು ವಿತರಣೆ ಮೊದಲ ಅವಧಿಯೊಳಕ್ಕೆ 10 ನಿಮಿಷ ಚಾಚಿತು. ಎರಡನೆಯದರಲ್ಲಿ ವಾಟ್ಸಾಪ್ ಗುಂಪಿಗೆ 'ತುರ್ತು' ಎಂದು ಬಂದ ಸಂದೇಶಕ್ಕೆ ತರಗತಿವಾರು, ವರ್ಗವಾರು ಅಂಕಿಅಂಶ ಕಳುಹಿಸಲು 18 ನಿಮಿಷ ಹೋಯಿತು. ಅದೇ ಅಂಕಿಅಂಶ ಸ್ಯಾಟ್ಸ್‌ನಲ್ಲಿ ಮೊದಲೇ ಇತ್ತು. ವಿದ್ಯಾರ್ಥಿವೇತನಕ್ಕೆ ಆಧಾರ್ ಜೋಡಣೆಯಾಗಿಲ್ಲವೆಂದು ಬಂದ ಪೋಷಕರೊಬ್ಬರಿಗೆ ವಿವರಿಸಲು 12 ನಿಮಿಷ. ಒಬ್ಬರು ತರಬೇತಿಗೆ, ಇನ್ನೊಬ್ಬರು ಮತದಾರರ ಪಟ್ಟಿಯ ಕೆಲಸಕ್ಕೆ ಹೋಗಿದ್ದರಿಂದ ಕೊನೆಯ ಅವಧಿಯಲ್ಲಿ ಎರಡು ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡು, ಅವರನ್ನು ಸುಮ್ಮನಿರಿಸುವುದರಲ್ಲೇ 22 ನಿಮಿಷ ಕಳೆಯಿತು. ಕೂಡಿದರೆ 62 ನಿಮಿಷ. ಉಳಿದ 138 ನಿಮಿಷವೂ ತುಂಡುತುಂಡಾಗಿತ್ತು. ಸಮೀಕರಣದ ಎರಡೂ ಬದಿಗೆ ಒಂದೇ ಸಂಖ್ಯೆ ಕೂಡಿಸಬಹುದೇಕೆ ಎಂಬ ಪ್ರಶ್ನೆ ಹಲಗೆಯ ಮೇಲೆ ಹಾಗೇ ಉಳಿದು, ಮರುದಿನ ಮೊದಲಿಂದ ಆರಂಭವಾಯಿತು.

ಇದು ಒಂದು ದಿನದ ಲೆಕ್ಕ, ಸಂಶೋಧನೆಯೇನಲ್ಲ. ಆದರೂ ಮೇಡಂ ಹೇಳಿದ ಎರಡು ಬಗೆಯ ದಣಿವು ಅಂದು ನನಗೆ ಕಣ್ಣಿಗೆ ಕಾಣಿಸಿತು. ಹಾಲು, ಮೊಟ್ಟೆ, ವಿದ್ಯಾರ್ಥಿವೇತನ ಯಾವುದೂ ಬೇಡದ ಕೆಲಸವಲ್ಲ. ಬೆಳಿಗ್ಗೆ ಏನೂ ತಿನ್ನದೆ ಬರುವ ಮಕ್ಕಳು ನಮ್ಮ ಶಾಲೆಯಲ್ಲೂ ಇದ್ದರು. ಆ ಕೆಲಸಕ್ಕೆ ಬೇರೆ ಕೈ ಇಲ್ಲ ಎಂಬುದು ತೊಂದರೆ.

ಕಾನೂನು ಈ ಬಗ್ಗೆ ಮೌನವಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಪ್ರಕರಣ ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆಗೆ ಸಂಬಂಧಿಸಿದ ಕೆಲಸಗಳ ಹೊರತು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ನಿಯೋಜಿಸಬಾರದೆನ್ನುತ್ತದೆ. ಅದೇ ಕಾಯ್ದೆಯ ಅನುಸೂಚಿಯಲ್ಲಿ ಶಿಕ್ಷಕರಿಗೆ ವಾರಕ್ಕೆ ಕನಿಷ್ಠ 45 ಗಂಟೆಯ ಕೆಲಸವೆಂದಿದೆ. ಪೂರ್ವತಯಾರಿಯ ಸಮಯವೂ ಅದರಲ್ಲೇ ಸೇರಿದೆ. ತಯಾರಿಯೂ ಕೆಲಸವೇ ಎಂದು ಕಾನೂನು ಒಪ್ಪಿದೆ. ನಾನು ಕಂಡಂತೆ ಆ ತಯಾರಿ ನಡೆಯುತ್ತಿದ್ದುದು ರಾತ್ರಿ ಹತ್ತರ ನಂತರ, ಸರ್ವರ್ ಸ್ವಲ್ಪ ಹಗುರಾಗಿ ರೂಪಣಾತ್ಮಕ ಮೌಲ್ಯಮಾಪನದ ಅಂಕ ನಮೂದಿಸಿ ಮುಗಿದ ಮೇಲೆ.

ಮನೋವಿಜ್ಞಾನದ ತರಗತಿಯಲ್ಲಿ ನಾವು ಕ್ರಿಸ್ಟಿನಾ ಮ್ಯಾಸ್ಲಾಕ್ ಅವರ ಹೆಸರು ಕೇಳಿದ್ದೇವೆ. 1981ರಲ್ಲಿ ಅವರು ಸೂಸನ್ ಜಾಕ್ಸನ್ ಜೊತೆ ರೂಪಿಸಿದ ಮಾಪನದಲ್ಲಿ ವೃತ್ತಿ ಬಳಲಿಕೆಗೆ ಮೂರು ಮುಖ: ಭಾವನಾತ್ಮಕವಾಗಿ ಬರಿದಾಗುವುದು, ಎದುರಿನವರನ್ನು ವ್ಯಕ್ತಿಗಳೆಂದು ಕಾಣದಷ್ಟು ದೂರವಾಗುವುದು, ತನ್ನಿಂದೇನೂ ಆಗುತ್ತಿಲ್ಲವೆಂಬ ಭಾವ. ಪರೀಕ್ಷೆಗೆ ಬರೆದಾಗ ಇವು ಮೂರು ಅಂಶಗಳಾಗಿದ್ದವು. ಶಿಕ್ಷಕರ ಕೊಠಡಿಯಲ್ಲಿ ಇವು ಮಾತಾಗಿ ಬರುತ್ತವೆ. "ಈ ಬ್ಯಾಚೇ ಇಷ್ಟು" ಎಂಬುದು ಎರಡನೆಯ ಮುಖ. "ಏನ್ ಹೇಳಿಕೊಟ್ರೂ ಅಷ್ಟೆ ಬಿಡಿ" ಎಂಬುದು ಮೂರನೆಯದು. ವಿಶ್ವ ಆರೋಗ್ಯ ಸಂಸ್ಥೆಯೂ 2019ರಲ್ಲಿ ಒಪ್ಪಿದ ರೋಗ ವರ್ಗೀಕರಣದಲ್ಲಿ ಇದನ್ನು ಕಾಯಿಲೆಯೆನ್ನದೆ, ಸರಿಯಾಗಿ ನಿಭಾಯಿಸದ ದೀರ್ಘಕಾಲದ ಕೆಲಸದ ಒತ್ತಡದಿಂದ ಹುಟ್ಟುವ ವೃತ್ತಿ ಸಂಬಂಧಿ ಸ್ಥಿತಿ ಎಂದಿದೆ. ಹಾಗಿದ್ದರೆ ಶಿಕ್ಷಕರಿಗೆ ಬೆಳಿಗ್ಗೆ ಹತ್ತು ನಿಮಿಷ ಧ್ಯಾನ ಮಾಡಿರೆಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಕೆಲಸದ ಹಂಚಿಕೆಯನ್ನೂ ನೋಡಬೇಕಾಗುತ್ತದೆ.

ದೇಹವೂ ಲೆಕ್ಕ ಇಡುತ್ತದೆ. ಡಿಸೆಂಬರಿನಲ್ಲಿ ಮೇಡಂ ಗಂಟಲು ಪೂರ್ತಿ ಕಟ್ಟಿತು. ವೈದ್ಯರು ಒಂದು ವಾರ ಮಾತಾಡಬೇಡಿ ಎಂದರು. ಅವರು ಎರಡು ದಿನ ರಜೆ ಹಾಕಿ ಬಂದರು. "ಇನ್ನೂ ಹದಿನಾರು ವರ್ಷ ಸರ್ವೀಸ್ ಇದೆ. ಗಂಟಲು ಅಲ್ಲೀವರೆಗೂ ಬರುತ್ತೋ ಇಲ್ವೋ" ಎಂದಾಗ ಅವರು ತಮಾಷೆ ಮಾಡುತ್ತಿರಲಿಲ್ಲ. ಆ ವಾರ ಅವರು ಪಾಠ ಮಾಡಿದ ರೀತಿ ನನಗೆ ಹೊಸದು. ಗದ್ದಲದ ಮೇಲೆ ಮಾತಾಡದೆ ಹಲಗೆಯ ಪಕ್ಕ ಸುಮ್ಮನೆ ನಿಂತು ಕಾಯುತ್ತಿದ್ದರು. ಸೂಚನೆಗಳನ್ನು ಹಲಗೆಯ ಮೇಲೆ ಬರೆದು, ಪ್ರತಿ ಗುಂಪಿನ ಒಬ್ಬ ಮಗುವಿಗೆ ಓದಿ ಹೇಳುವ ಕೆಲಸ ಕೊಡುತ್ತಿದ್ದರು. ಸೂಕ್ಷ್ಮ ಬೋಧನೆಯಲ್ಲಿ 'ವಿರಾಮ'ವನ್ನು ನಾವು ಪ್ರಚೋದನೆ ಬದಲಾವಣೆಯ ಕೌಶಲದ ಒಂದು ಘಟಕವೆಂದು ಕಲಿತು ಅಂಕ ಪಡೆದಿದ್ದೇವೆ. ಅದು ಮೂವತ್ತೈದು ವರ್ಷ ಗಂಟಲನ್ನು ಕಾಪಾಡುವ ಸಾಧನವೂ ಹೌದೆಂದು ಅಲ್ಲಿ ತಿಳಿಯಿತು.

ಮುಂದಿನ ತಂಡ ಶಾಲೆಗಳಿಗೆ ಹೊರಡುವ ಮುನ್ನ ಕಾಲೇಜಿನ ಮುಂದೆ ಮೂರು ವಿನಂತಿ ಇಡುತ್ತೇನೆ. ಮೊದಲನೆಯದು, ಧ್ವನಿಯ ಬಳಕೆ ಮತ್ತು ಆರೈಕೆಗೆ ಎರಡು ಪ್ರಾಯೋಗಿಕ ತರಗತಿ ಬೇಕು. ಎರಡನೆಯದು, ಹಾಜರಾತಿ, ಅಂಕ ನಮೂದು, ಬಿಸಿಯೂಟದ ಲೆಕ್ಕ ಮುಂತಾದ ದಾಖಲೆಗಳನ್ನು ತುಂಬುವುದನ್ನು ಇಲ್ಲೇ ಕಲಿಸಿದರೆ, ಕೆಲಸಕ್ಕೆ ಸೇರಿದ ಮೊದಲ ವರ್ಷದ ಗಾಬರಿ ಅರ್ಧ ಕಡಿಮೆಯಾದೀತು. ಮೂರನೆಯದು, ನಮ್ಮ ಅನುಚಿಂತನ ದಿನಚರಿಯಲ್ಲಿ 'ಇಂದು ಪಾಠ ಎಲ್ಲಿ ತುಂಡಾಯಿತು, ಏಕೆ?' ಎಂಬ ಒಂದು ಸಾಲು ಸೇರಲಿ. ಹದಿನಾರು ವಾರ ಹೀಗೆ ಬರೆದಿಟ್ಟರೆ, ಇಲಾಖೆಯ ಮುಂದೆ ಮಾತಾಡುವಾಗ ಅಧ್ಯಾಪಕರ ಕೈಯಲ್ಲಿ ಗೊಣಗಾಟದ ಬದಲು ಲೆಕ್ಕವಿರುತ್ತದೆ.

ಗೆಳೆಯರಿಗೂ ಒಂದು ಮಾತು. ನಿದ್ದೆ ಬಾರದ ರಾತ್ರಿಗಳು ವಾರಗಟ್ಟಲೆ ಮುಂದುವರಿದರೆ, ಅದನ್ನು ನಿಮ್ಮ ಅಸಾಮರ್ಥ್ಯವೆಂದು ಮುಚ್ಚಿಡಬೇಡಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

"ಇಷ್ಟೆಲ್ಲ ನೋಡಿಯೂ ಮೇಷ್ಟ್ರ ಕೆಲಸಕ್ಕೇ ಹೋಗ್ತೀಯಾ?" ಎಂದು ಮನೆಯಲ್ಲಿ ಕೇಳುತ್ತಾರೆ. ಟಿಇಟಿಗೆ ಓದುತ್ತಿದ್ದೇನೆ. ಮೇಡಂ ನಗುತ್ತಾ ಬಸ್ಸಿಗೆ ಕಾಯುತ್ತಿದ್ದ ಸಂಜೆಗಳನ್ನೂ ನಾನು ನೋಡಿದ್ದೇನಲ್ಲ.